ಎಂಜಿನ್ ನಿಲ್ಲಿಸುವ ಕೆಂಪು ದಾರ

ಆ ದೋಣಿಯಲ್ಲಿ ಹಿಂದಕ್ಕೆ ನೋಡುತ್ತಾ ಕೂರುವುದು ನನ್ನ ಕೆಲಸವಾಗಿತ್ತು. ನೋಡಿದ್ದನ್ನಷ್ಟೇ ಬರೆಯುತ್ತೇನೆ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ನಾನು ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದು, ಅಲ್ಲೇ ಉಳ್ಳೂರಿನಲ್ಲಿ ಕೋಣೆ ಹಿಡಿದಿದ್ದೆ. ತಮ್ಮ ಕೊಚ್ಚಿಯಲ್ಲಿದ್ದ, ರಜೆಯಲ್ಲಿ ಅವನಲ್ಲಿಗೆ ಹೋಗುತ್ತಿದ್ದೆ. ನಾವು ಕಾಸರಗೋಡಿನವರು; ಅವನ ರೂಮ್‌ಮೇಟ್ ಬೆಂಗಳೂರಿನವನು. ಈ ರೂಮ್‌ಮೇಟ್ ಯಾವುದೋ ರೆಸಾರ್ಟಿನವರು ಮೂಲೆಗೆ ಹಾಕಿದ್ದ ಫೈಬರ್ ದೋಣಿಯೊಂದನ್ನು ಕೊಂಡಿದ್ದ. ಹಿಂಬದಿಗೆ ಸಿಕ್ಕಿಸುವ ಹಳೆಯ ಎಂಜಿನ್. ಅದನ್ನು ವೇಕ್‌ಬೋರ್ಡಿಂಗ್‌ಗೆ ಸಜ್ಜು ಮಾಡುವುದು ಇಬ್ಬರಿಗೂ ಹುಚ್ಚು. ಹಲಗೆಗೆ ಕಾಲು ಬಿಗಿದುಕೊಂಡು, ಹಗ್ಗ ಹಿಡಿದು, ದೋಣಿ ಎಬ್ಬಿಸಿದ ಅಲೆಯ ಮೇಲೆ ಜಾರುವ ಆಟ ಅದು.

ಅವರ ಕೆಲಸವನ್ನು ಪೂರ್ತಿ ಹಳಿಯಲಾರೆ. ಹಗ್ಗ ಎತ್ತರದಿಂದ ಎಳೆಯಲೆಂದು ನಡುವೆ ಕಬ್ಬಿಣದ ಕಂಬ ನಿಲ್ಲಿಸಿ ಬೋಲ್ಟ್ ಹಾಕಿಸಿದ್ದರು. ಹಲಗೆಯವನನ್ನು ನೀರಿನಿಂದ ಬೇಗ ಎಬ್ಬಿಸಲೆಂದು ಪ್ರೊಪೆಲ್ಲರ್ ಬದಲಿಸಿದ್ದರು. ಅಲೆ ದಪ್ಪಗಾಗಲೆಂದು ಹಿಂಬದಿಯಲ್ಲಿ ನೀರು ತುಂಬಿದ ಕ್ಯಾನುಗಳನ್ನು ಇಟ್ಟಿದ್ದರು. ಕ್ಯಾನುಗಳನ್ನು ಕಟ್ಟಿರಲಿಲ್ಲ.

ಸ್ಟೀರಿಂಗಿನ ಪಕ್ಕ ಒಂದು ಸ್ವಿಚ್, ಅದಕ್ಕೊಂದು ಪ್ಲಾಸ್ಟಿಕ್ ಕ್ಲಿಪ್, ಕ್ಲಿಪ್ಪಿಗೆ ಸುರುಳಿಯಾದ ಕೆಂಪು ದಾರ. ದಾರದ ತುದಿ ಓಡಿಸುವವನ ಮಣಿಕಟ್ಟಿನಲ್ಲಿರಬೇಕು. ಅವನು ನೀರಿಗೆ ಬಿದ್ದರೆ ದಾರ ಕ್ಲಿಪ್ಪನ್ನು ಕಿತ್ತು ಎಂಜಿನ್ ನಿಲ್ಲಿಸುತ್ತದೆ. ರೂಮ್‌ಮೇಟ್ ದಾರ ಬಿಚ್ಚಿ ಸೀಟಿನಡಿಗೆ ಎಸೆದಿದ್ದ. ಕ್ಲಿಪ್ ಮಾತ್ರ ಸ್ವಿಚ್ಚಿನಲ್ಲಿತ್ತು.

"ಹಿಂದೆ ತಿರುಗಿದ್ರೆ ಸಾಕು, ಕಿತ್ಕೊಂಡ್ ಬರತ್ತೆ ಅಕ್ಕಾ. ಆಮೇಲೆ ಈ ಮುದುಕ ಎಂಜಿನ್ನ ಎಬ್ಬಿಸೋಕೆ ಹಗ್ಗ ಎಳ್ದೂ ಎಳ್ದೂ ಭುಜ ಬಿದ್ದೋಗತ್ತೆ."

"ಹಿಂದೆ ನೋಡ್ಲಿಕ್ಕೆ ನಾನಿದ್ದೇನಲ್ಲ. ನೀನು ಯಾಕೆ ತಿರುಗುವುದು?"

"ಅಕ್ಕಂಗೆ ಸೇಫ್ಟಿ ಆಫೀಸರ್ ಕೆಲ್ಸ ಕೊಡ್ಸೋಣ ಮಗಾ," ಎಂದು ತಮ್ಮನಿಗೆ ಕಣ್ಣು ಹೊಡೆದ. ತಮ್ಮ ನಕ್ಕ.

ಕೊಚ್ಚಿಯ ವಲ್ಲಾರ್ಪಾಡಂ ದ್ವೀಪದ ಆಚೆಯ ಹಿನ್ನೀರು, ಬೆಳಗಿನ ಹೊತ್ತು, ಗಾಳಿ ಇರಲಿಲ್ಲ. ಹಲಗೆಯ ಮೇಲಿದ್ದ ತಮ್ಮ ಸ್ವಲ್ಪ ದೂರ ಜಾರಿ ಬಿದ್ದ. ನಾನು "ಬಿದ್ದ" ಎಂದು ಕೈ ಎತ್ತಿದೆ. ಸೀಟಿನ ಬೆನ್ನಿನ ಮೇಲೆ ಕೂತು ಓಡಿಸುತ್ತಿದ್ದ ರೂಮ್‌ಮೇಟ್, ವೇಗ ತಗ್ಗಿಸದೆಯೇ ದೋಣಿ ತಿರುಗಿಸಿದ. ಕ್ಯಾನುಗಳು ಒಂದೇ ಬದಿಗೆ ಜಾರಿದವು. ದೋಣಿ ವಾಲಿತು. ಸೀಟು ಖಾಲಿಯಾಯಿತು.

ಎಂಜಿನ್ ನಿಲ್ಲಲಿಲ್ಲ. ಸ್ಟೀರಿಂಗ್ ತಿರುಗಿದಲ್ಲೇ ಉಳಿದು ದೋಣಿ ಸುತ್ತು ಹೊಡೆಯತೊಡಗಿತು. ಆ ಸುತ್ತಿನ ದಾರಿಯಲ್ಲಿ ತಮ್ಮನ ತಲೆ ಕಾಣುತ್ತಿತ್ತು. ಕಾಲುಗಳು ಹಲಗೆಗೆ ಬಿಗಿದಿದ್ದವು, ಮೈಮೇಲೆ ಲೈಫ್ ಜಾಕೆಟ್. ಮುಳುಗಿ ತಪ್ಪಿಸಿಕೊಳ್ಳುವಂತಿರಲಿಲ್ಲ, ಈಜಿ ದೂರ ಹೋಗುವಂತೆಯೂ ಇರಲಿಲ್ಲ. ಮೊದಲ ಸುತ್ತಿನಲ್ಲಿ ದೋಣಿ ಅವನಿಂದ ಒಂದು ಹುಟ್ಟಿನ ಉದ್ದದಷ್ಟು ದೂರದಲ್ಲಿ ಹಾದುಹೋಯಿತು. ಅವನು ನನ್ನನ್ನೇ ನೋಡಿದ. ಆಚೆ ಬಲೆ ಎಳೆಯುತ್ತಿದ್ದವರೊಬ್ಬರು "ಓಫಾಕ್ಕ್ ಮೋಳೇ, ಓಫಾಕ್ಕ್" ಎಂದು ಎಂಜಿನ್ ಆಫ್ ಮಾಡಲು ಮಲಯಾಳದಲ್ಲಿ ಕೂಗುತ್ತಿದ್ದರು. ಕ್ಯಾನುಗಳ ಮೇಲೆ ಮೊಣಕಾಲೂರಿ ಹೋಗಿ ಕ್ಲಿಪ್ಪನ್ನು ಉಗುರಿನಿಂದ ಕಿತ್ತೆ. ಎಂಜಿನ್ ನಿಂತಿತು.

ಬಲೆಯವರು ರೂಮ್‌ಮೇಟ್‌ನನ್ನು ಸಣ್ಣ ದೋಣಿಯಲ್ಲಿ ತಂದು ಬಿಟ್ಟು, "ಸರ್ಕಸ್ಸಾಣೋ ಮೋನೇ?" ಇದೇನು ಸರ್ಕಸ್ಸಾ ಮಗನೇ ಎಂದು ಕೇಳಿ ಹೋದರು.

"ಏನೂ ಆಗ್ಲಿಲ್ವಲ್ಲ, ಬಿಡಿ ಅಕ್ಕಾ," ಎಂದ ಅವನು.

ತಮ್ಮ ನನಗೆ ಹೇಳಿದ್ದು ಒಂದೇ ಮಾತು: "ಮನೆಯಲ್ಲಿ ಹೇಳ್ಬೇಡ."

ಏನೂ ಆಗಲಿಲ್ಲ, ನಿಜ. ಆಗದಿರಲು ಆ ರೂಮ್‌ಮೇಟ್ ಏನು ಮಾಡಿದ್ದ? ಇದನ್ನು ಕೇಳಬೇಕಿತ್ತು. ಕೇಳಲಿಲ್ಲ. ದಡ ಸೇರಿದ ಮೇಲೆ ಕ್ಲಿಪ್ಪನ್ನೂ ಸೀಟಿನಡಿಯ ದಾರವನ್ನೂ ಚೀಲಕ್ಕೆ ಹಾಕಿಕೊಂಡು ತಿರುವನಂತಪುರದ ರೈಲು ಹತ್ತಿದೆ. ಕ್ಲಿಪ್ಪಿಲ್ಲದೆ ಎಂಜಿನ್ ಓಡಲಿಕ್ಕಿಲ್ಲ ಎಂದುಕೊಂಡಿದ್ದೆ.

ಆದರೆ ಮುಂದಿನ ವಾರ ತಮ್ಮ ಫೋನಿನಲ್ಲಿ, "ಶಾಂಪೂ ಬಾಟ್ಲಿಯ ಮುಚ್ಚಳ ಕತ್ತರಿಸಿ ಸಿಕ್ಕಿಸಿದ್ದಾನೆ. ಒಳ್ಳೆ ಓಡ್ತದೆ," ಎಂದ.

"ನೀನು ಪುನಃ ನೀರಿಗಿಳಿದ್ಯಾ?"

ನಾನು ಬಾಯಿಗೆ ಬಂದಂತೆ ಬೈದು ಫೋನಿಟ್ಟೆ.

ಕೆಲವು ವಾರಗಳ ಮೇಲೆ ಅವನೇ ಫೋನ್ ಮಾಡಿದ. "ಅಕ್ಕ, ಆ ಕೆಂಪು ದಾರ ನಿನ್ನ ಹತ್ರ ಉಂಟಲ್ಲ? ಭಾನುವಾರ ತಕೊಂಡು ಬಾ."

"ಈಗ ಎಂತಕ್ಕೆ?"

"ಈ ಸಲ ಓಡಿಸುವುದು ನಾನು, ಹಲಗೆ ಮೇಲೆ ಅವನು. ದಾರ ಇಲ್ಲದಿದ್ರೆ ನೀರಿಗಿಳಿಯುವುದಿಲ್ಲ ಅಂತಾನೆ."

ಒಯ್ದೆ. ನೀರಿನಲ್ಲಿರುವವನು ಯಾರಾದರೂ ಆ ದಾರ ಬೇಕು. ಮುಚ್ಚಳ ಕಿತ್ತು ಕ್ಲಿಪ್ ಸಿಕ್ಕಿಸಿ, ಅದಕ್ಕೆ ದಾರ ಸೇರಿಸಿ ತಮ್ಮನ ಮಣಿಕಟ್ಟಿಗೆ ಹಾಕಿದೆ. ರೂಮ್‌ಮೇಟ್ ಬಂದು ಗಂಟನ್ನು ಎಳೆದು ನೋಡಿದ. ಎಂಜಿನ್ ಓಡುತ್ತಿದ್ದಾಗ ದಾರ ಜಗ್ಗಿ ನಿಲ್ಲಿಸಿ ನೋಡಿದ. ಮತ್ತೆ ಎಬ್ಬಿಸಲು ಹೇಳಿ, ಮತ್ತೊಮ್ಮೆ ಜಗ್ಗಿದ. ಹಗ್ಗ ಎಳೆದೂ ಎಳೆದೂ ಬೆವರಿದವನು ತಮ್ಮ.

"ಟೈಟ್ ಇದ್ಯಾ ಅಕ್ಕಾ?"

"ಉಂಟು," ಎಂದು ಹಿಂಬದಿಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ಕ್ಯಾನುಗಳಿಗೂ ಆ ದಿನ ಹೊಸ ನೈಲಾನ್ ಹಗ್ಗ ಬಿಗಿದಿತ್ತು.