ರೋಗಿ ಅಂತ ಟೈಪ್ ಮಾಡಿದ ಅರ್ಜಿ

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆದರೂ ಅರಸೀಕೆರೆ ತಾಲ್ಲೂಕು ಕಚೇರಿ ಪಕ್ಕದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂತರೆ, ಬಿ.ಎ. ಓದಿದವರೂ ಅರ್ಜಿ ಬರೆಸಲು ನನ್ನ ಹತ್ತಿರವೇ ಬರುತ್ತಿದ್ದರು. ತೊಂಬತ್ತರ ದಶಕ ಅದು. ಗಾಳಿ ಬೀಸಿದರೆ ಒಣಕೊಬ್ಬರಿ ವಾಸನೆ, ಆಗಾಗ ರೈಲಿನ ಕೂಗು, ಮಧ್ಯೆ ನನ್ನ ಮಿಷನ್ನಿನ ಟಕಟಕ. ಆ ಸದ್ದು ಈಗ ಎಲ್ಲೂ ಇಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಬರೆಸಿದವರು ಒಪ್ಪಿದ ಮೇಲೇ ಸಹಿಯೋ ಹೆಬ್ಬೆಟ್ಟೋ ಹಾಕಿಸಬೇಕು.

ಒಂದು ಬೆಳಗ್ಗೆ ಕೊಬ್ಬರಿ ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಅತ್ತೆಯ ಜೊತೆ ಬಂದಳು. ಹಿಂದಿನ ದಿನ ಮೇಸ್ತ್ರಿ ಉಳಿದವರನ್ನೆಲ್ಲ ಟೀಗೆ ಕಳಿಸಿ, ಬಾಗಿಲಿಗೆ ಅಗುಳಿ ಹಾಕಿ, ಇವಳ ಸೆರಗು ಹಿಡಿದು ಎಳೆದಿದ್ದ. ಕೂಗಿಕೊಂಡದ್ದಕ್ಕೆ ಬಿಟ್ಟ. ಮನೆಯ ಗಂಡಸರು, "ಅವನದು ಒಂಥರಾ ಕಾಯಿಲೆ, ಬಿಟ್ಟಾಕು" ಅಂದಿದ್ದರಂತೆ. ಬಿಟ್ಟರೆ ಮತ್ತೆ ಆ ಶೆಡ್ಡಿಗೆ ಕಾಲಿಡುವಂತಿಲ್ಲ. ಕಂಪ್ಲೇಂಟು ನಿಲ್ಲಬೇಕು, ಅದೇ ಅವಳಿಗೆ ಬೇಕಾದದ್ದು.

ನನಗೂ ಸಿಟ್ಟು ಬಂತು. ವಾರಪತ್ರಿಕೆಯ ಮನೋವೈದ್ಯರ ಅಂಕಣ ಬಿಡದೆ ಓದುತ್ತಿದ್ದವನು. ಅಲ್ಲಿಂದ ಎತ್ತಿಕೊಂಡ ಮಾತೊಂದು ಬೈಗುಳಕ್ಕಿಂತ ಭಾರ ಅನಿಸಿತ್ತು. ಮೂರು ಕಾರ್ಬನ್ ಇಟ್ಟು ಹೊಡೆದೆ: "ಸದರಿ ಮೇಸ್ತ್ರಿಯು ಲೈಂಗಿಕ ವಿಕೃತಿಯ ಮಾನಸಿಕ ರೋಗಿಯಾಗಿದ್ದು..." ಹೆಮ್ಮೆಯಿಂದಲೇ ಓದಿದೆ.

ಅತ್ತೆ ತಡೆದಳು. "ರೋಗಿನಾ? ಹಂಗಾದ್ರೆ ನಾವೇ ಬಾಳೆಹಣ್ಣು ತಗೊಂಡು ನೋಡ್ಕೊಂಡ್ ಬರ್ಬೇಕೇನಪ್ಪಾ?"

ಸೊಸೆ ಮೆಲ್ಲಗೆ, "ಅಣ್ಣಾ, ಅವ್ನಿಗೇನೂ ಕಾಯಿಲೆ ಇಲ್ಲ. ಎಲ್ರೂ ಹೋಗೋಗಂಟ ಕಾಯ್ಕಂಡಿದ್ದ," ಅಂದಳು.

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ವಯಸ್ಸಾದ ವಕೀಲರು ನಕ್ಕರು. "ಏನಯ್ಯಾ, ಆ ಮೇಸ್ತ್ರಿ ವಕೀಲನ ಕೆಲಸಾನೂ ನೀನೇ ಮಾಡ್ಬಿಟ್ಯಲ್ಲ."

"ನಿಜ ತಾನೇ ಸಾರ್, ಸರಿ ಇರೋನು ಹಿಂಗ್ ಮಾಡ್ತಾನಾ?"

"ಮಾಡ್ತಾನೆ. ಕಾಯಿಲೆ ಐತೋ ಇಲ್ವೋ ಡಾಕ್ಟರು ಪರೀಕ್ಷೆ ಮಾಡಿ ಹೇಳ್ಲಿ. ಇದ್ರೂ ಮಾಡಿದ್ದು ತಪ್ಪಲ್ಲ ಅಂತ ಆಗಲ್ಲ. ಅಪರಾಧಿ ಹೌದೋ ಅಲ್ವೋ ಕೋರ್ಟು ಹೇಳುತ್ತೆ. ಈಯಮ್ಮ ಹೇಳ್ಬೇಕಾದ್ದು ಅವನು ಏನ್ ಮಾಡ್ದ ಅನ್ನೋದು. ನೀನು ಅದನ್ನೇ ಬಿಟ್ಟಿದೀಯ."

ಹಾಳೆ ನೋಡಿದೆ. ನಿಜ, ಅಗುಳಿ ಹಾಕಿದ್ದೇ ಬರೆದಿರಲಿಲ್ಲ. ಅಲ್ಲಿಯವರೆಗೆ ಯಾರ ಮಾತಿಗೂ ನಾನು ಹಾಳೆ ಕಿತ್ತವನಲ್ಲ. ಅವತ್ತು ಕಿತ್ತೆ. ಅವಳು ಹೇಳಿದ ಹಾಗೇ ಹೊಡೆದೆ: ಟೀಗೆ ಕಳಿಸಿದ್ದು, ಅಗುಳಿ, ಸೆರಗು, ಕೂಗು. ಕೊನೆಗೆ ವಕೀಲರು ಹೇಳಿದಂತೆ "ಮಾನಭಂಗಕ್ಕೆ ಯತ್ನಿಸಿರುತ್ತಾನೆ" ಅಂತ ಒಂದೇ ಮಾತು. ಓದಿದಾಗ ಅವಳು ಪ್ರತಿ ಸಾಲಿಗೂ ತಲೆಯಾಡಿಸಿದಳು.

ಮಿಷನ್ ಮುಚ್ಚಿ ನಾನೂ ಅವರ ಜೊತೆ ಪೊಲೀಸ್ ಸ್ಟೇಷನ್ನಿಗೆ ಹೋದೆ. ದಫೇದಾರರು ಓದುತ್ತಾ, "ಸ್ವಲ್ಪ ತಲೆ ಕೆಟ್ಟೋನಾ?" ಅಂದರು.

"ಇಲ್ಲ ಸಾರ್," ಅಂದಳು ಸೊಸೆ, ಸೆರಗು ಸರಿ ಮಾಡಿಕೊಳ್ಳುತ್ತಾ. "ದಿನಾ ನಮ್ಗೆಲ್ಲ ಹಾಜರಿ ಹಾಕ್ತಾನೆ."

ಅವರು ಮತ್ತೆ ಮೊದಲಿಂದ ಓದಿದರು. ಅಗುಳಿಯ ಸಾಲಿಗೆ ಬೆರಳು ನಿಂತಿತು. ಮೇಸ್ತ್ರಿಯನ್ನು ಕರೆತರಲು ಒಬ್ಬರನ್ನು ಕಳಿಸಿ, "ನಾಳೆ ಬೆಳಿಗ್ಗೆ ಬಾಮ್ಮ, ಹೇಳಿಕೆ ಬರ್ಕೊಬೇಕು," ಅಂದರು.

"ಬೆಳಿಗ್ಗೆ ಶೆಡ್ಡಲ್ಲಿ ಕೆಲ್ಸ ಐತೆ ಸಾರ್. ಊಟದ್ ಹೊತ್ಗೆ ಬತ್ತೀನಿ."