ಕಂಬಳಿ ಸುತ್ತಿ ಬಂದವಳು

ನೇತ್ರಾವತಿ ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸವೆಂದರೆ ಹೊದ್ದಿದ್ದ ಕಂಬಳಿಯನ್ನು ಅಂಗಳಕ್ಕೆ ತಂದು ಕೊಡವುವುದು. ಕೊಡವಿ, ಮಡಿಸಿ, ಒಮ್ಮೆ ಕಣ್ಣಿಗೊತ್ತಿಕೊಂಡು ಒಳಗೆ ಕಟ್ಟಿದ ಬಿದಿರಿನ ಗಳುವಿನ ಮೇಲೆ ಹಾಕುತ್ತಾಳೆ. ಮುಖ ತೊಳೆಯುವುದು, ಒಲೆ ಹಚ್ಚುವುದು ಎಲ್ಲ ಆಮೇಲೆ. ಜ್ವರ ಬಂದ ದಿನವೂ ಇದನ್ನು ಬಿಟ್ಟವಳಲ್ಲ ಎನ್ನುತ್ತಾಳೆ ಅವಳ ಅತ್ತೆ ಹುಚ್ಚಕ್ಕ.

ಹಿರೇಗುಂಟನೂರಿಗೆ ಹತ್ತಿರದ ಅವರ ಹಟ್ಟಿಯಲ್ಲಿ ಇರುವುದೆಲ್ಲ ಕುರಿ ಸಾಕುವ ಮನೆಗಳೇ. ಅಲ್ಲಿ ಕಂಬಳಿ ಚಳಿಗೆ ಹೊದಿಕೆ, ಬಂದ ನೆಂಟರಿಗೆ ಹಾಸು, ಪೂಜೆಯ ದಿನ ದೇವರಿಗೆ ಗದ್ದುಗೆ. ಹಾಸಿದ ಕಂಬಳಿಯನ್ನು ಮೆಟ್ಟು ಹಾಕಿಕೊಂಡ ಕಾಲಲ್ಲಿ ಯಾರೂ ತುಳಿಯುವುದಿಲ್ಲ. ಮಕ್ಕಳಿಗೆ ಇದನ್ನು ಕೂರಿಸಿಕೊಂಡು ಹೇಳಿಕೊಡುವವರೂ ಇಲ್ಲ. ನಡೆಯಲು ಕಲಿಯುವಾಗಲೇ ಇದನ್ನೂ ಕಲಿಯುತ್ತವೆ.

ದೇವರ ದೀಪದ ತುಪ್ಪಕ್ಕೆ ನಾನು ದುರ್ಗದಿಂದ ಬಸ್ಸಿನಲ್ಲಿ ಬಂದು ಹುಚ್ಚಕ್ಕನ ಹತ್ತಿರ ಬೆಣ್ಣೆ ಕೊಳ್ಳುವುದು. ಹೋದಾಗಲೆಲ್ಲ ಜಗುಲಿಯ ಮೇಲೆ ಒಂದಷ್ಟು ಹೊತ್ತು ಕೂರುತ್ತೇನೆ. ಹೀಗಾಗಿ ಈ ಮನೆಯ ಸಂತೋಷವನ್ನೂ ಆಮೇಲೆ ಬಂದ ಸಂಕಟವನ್ನೂ ಹತ್ತಿರದಿಂದ ಕಂಡೆ.

ನೇತ್ರಾವತಿಯನ್ನು ಟೀವಿಯ ಪಂದ್ಯಕ್ಕೆ ಕಳಿಸಿದ್ದು ಅವಳ ಗಂಡ ಮಂಜಣ್ಣ. ಕಾಲು ಮುರಿದುಕೊಂಡ ಟಗರೊಂದನ್ನು ಅವಳು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸುವಾಗ ತಮಾಷೆಗೆಂದು ಫೋನಿನಲ್ಲಿ ಚಿತ್ರ ತೆಗೆದಿದ್ದ. ಹೆಂಗಸರು ಕಾಡಿನಂಚಿನ ಬಿಡಾರದಲ್ಲಿ ಒಟ್ಟಿಗಿದ್ದು ದಿನಕ್ಕೊಂದು ಆಟ ಆಡುವ ಪಂದ್ಯವೊಂದಿದೆ ಎಂದು ಗೊತ್ತಾದಾಗ ಅದನ್ನೇ ಕಳಿಸಿಬಿಟ್ಟ. ಕರೆ ಬಂತು. "ನಾನೊಲ್ಲೆ" ಎಂದು ಅತ್ತವಳನ್ನು ಹುಚ್ಚಕ್ಕ, "ಹೋಗಿ ಬಾರವ್ವ, ಮಗೀನ ನಾನು ನೋಡ್ಕಂತೀನಿ. ಸೋತ್ರೆ ಏನು, ಕುರಿ ಎಲ್ಲಿಗೂ ಹೋಗಕಿಲ್ಲ" ಎಂದು ಒಪ್ಪಿಸಿದಳು. ಒಂದು ಸ್ಟೀಲ್ ಡಬ್ಬಿ ತುಂಬ ಹುರುಳಿ ಚಟ್ನಿಪುಡಿ ಕೊಟ್ಟು ಕಳಿಸಿದಳು.

ಆ ಬಿಡಾರದಲ್ಲಿ ಅವಳ ಪಕ್ಕದ ಮಂಚ ಸಿಕ್ಕಿದ್ದು ಹೊಳಲ್ಕೆರೆಯ ಸುಪ್ರಿಯಾಗೆ. ಸುಪ್ರಿಯಾ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರ್. ಯಾವ ಆಟದಲ್ಲಿ ಶಕ್ತಿ ಉಳಿಸಿಕೊಳ್ಳಬೇಕು, ಯಾರ ಜೊತೆ ಜೋಡಿಯಾದರೆ ಒಳ್ಳೆಯದು, ಎಲ್ಲವನ್ನೂ ಯೋಚಿಸಿ ಆಡುವವಳು. ನೇತ್ರಾವತಿಗೆ ಅದೊಂದೂ ತಿಳಿಯದು. ಹೊರು ಅಂದರೆ ಹೊತ್ತಳು, ಓಡು ಅಂದರೆ ಓಡಿದಳು. ಒಮ್ಮೆ ಚೀಟಿ ಎತ್ತುವಾಗ ಅದೃಷ್ಟ ಕೈಹಿಡಿದದ್ದರಿಂದಲೇ ಅವಳು ಪಂದ್ಯದಿಂದ ಹೊರಬಿದ್ದು ಮನೆಗೆ ಹೋಗುವುದು ತಪ್ಪಿತ್ತು. ಇಬ್ಬರಿಗೂ ಹೇಗೋ ಹೊಂದಿಕೆಯಾಯಿತು. ಬಿಡಾರದ ಸಪ್ಪೆ ಊಟಕ್ಕೆ ಹುಚ್ಚಕ್ಕನ ಚಟ್ನಿಪುಡಿಯನ್ನು ಇಬ್ಬರೂ ಹಂಚಿಕೊಂಡು ತಿಂದರು. ಕೊನೆಗೆ ಡಬ್ಬಿಯನ್ನು ಸುಪ್ರಿಯಾಳ ಚೀಲದಲ್ಲೇ ಇಟ್ಟುಕೊಂಡಿದ್ದರಂತೆ, ಬೇರೆಯವರು ಮುಗಿಸಿಬಿಡುತ್ತಾರೆಂದು.

ಕೊನೆಯ ಸುತ್ತಿಗೆ ಉಳಿದವರೂ ಇವರಿಬ್ಬರೇ.

ಸೊಂಟದಲ್ಲಿ ತುಂಬಿದ ಬಿಂದಿಗೆ ಇಟ್ಟುಕೊಂಡು ಓಡಬೇಕು, ಹುಲ್ಲಿನ ಮೆದೆ ಹತ್ತಿ ಇಳಿಯಬೇಕು, ಕೊನೆಗೆ ಒಂದು ಗಂಟೆ ಬಾರಿಸಬೇಕು. ಬರಿಗಾಲಲ್ಲಿ ಓಡುತ್ತೇನೆ ಎಂದು ನೇತ್ರಾವತಿ ಕೇಳಿಕೊಂಡಿದ್ದಳು. ಕಾಲಿಗೆ ಪೆಟ್ಟಾದರೆ ಕಷ್ಟವೆಂದು ಪಂದ್ಯದವರು ಬೂಟು ಹಾಕಿಸಿದ್ದರು. ಮೆದೆ ಇಳಿಯುವಾಗ ಅವಳೇ ಒಂದೆರಡು ಮಾರು ಮುಂದಿದ್ದಳು. ಎದುರಿಗೆ ಗಂಟೆ. ಗಂಟೆಗೆ ಮುಂಚೆ ನೆಲದ ಮೇಲೆ ಒಂದು ಕರಿ ಕಂಬಳಿ ಹಾಸಿತ್ತು. ಓಡುತ್ತಿದ್ದವಳು ಅದರ ಅಂಚಿಗೆ ಬಂದವಳೇ ಗಕ್ಕನೆ ತಿರುಗಿ, ಕಂಬಳಿಯನ್ನು ಸುತ್ತಿ ಹೋದಳು. ಹಿಂದಿದ್ದ ಸುಪ್ರಿಯಾ ಇದೇ ಸಮಯವೆಂದು ನೇರವಾಗಿ ನುಗ್ಗಿದಳು. ಕಂಬಳಿಯ ಕೆಳಗೆ ತೆಳ್ಳಗೆ ಹುಲ್ಲು, ಹುಲ್ಲಿನ ಕೆಳಗೆ ಕೆಸರಿನ ಗುಂಡಿ. ಅವಳು ಮೊಣಕಾಲುದ್ದ ಹೂತು ಮುಗ್ಗರಿಸಿದಳು. ನೇತ್ರಾವತಿ ಗಂಟೆ ಬಾರಿಸಿ ತಿರುಗಿ ನೋಡಿದಾಗಲೇ ಅವಳಿಗೆ ಗೆಳತಿ ಬಿದ್ದದ್ದು ಗೊತ್ತಾದದ್ದು.

ಅಲ್ಲಿ ಗುಂಡಿ ಇದೆಯೆಂದು ಹೇಗೆ ಗೊತ್ತಾಯಿತು ಎಂದು ನಿರೂಪಕ ಕೇಳಿದಾಗ, "ಕಂಬಳಿ ಹಾಸಿತ್ತಲ್ಲ ಸಾರ್, ಬೂಟುಗಾಲಾಗೆ ಹೆಂಗೆ ತುಳೀಲಿ?" ಎಂದಳು. ಸುತ್ತ ನಿಂತವರೆಲ್ಲ ನಕ್ಕರು. ಟೀವಿಯಲ್ಲಿ ಪಂದ್ಯ ಬಂದಾಗ ಆ ಮಾತು ಇರಲೇ ಇಲ್ಲ. ಇದ್ದದ್ದು ಎರಡೇ. ಗುಂಡಿಯ ಅಂಚಿನಲ್ಲಿ ಅವಳು ಸರಕ್ಕನೆ ತಿರುಗಿದ್ದು, ಕಾಲಿಗೆ ಪಟ್ಟಿ ಸುತ್ತಿಕೊಂಡು ಕೂತ ಸುಪ್ರಿಯಾ, "ಕೆಲವರಿಗೆ ಗುಂಡಿ ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತೆ" ಎಂದದ್ದು.

ಅಷ್ಟು ಸಾಕಾಯಿತು. ಬಿಡಾರದ ಗಾಡಿ ಓಡಿಸುತ್ತಿದ್ದ ಮದಕರಿಪುರದ ರಾಜಕುಮಾರ್ ಕೊನೆಯ ಸುತ್ತಿನ ಹಿಂದಿನ ದಿನ ನೇತ್ರಾವತಿಯ ಜೊತೆ ನಿಂತು ಮಾತಾಡಿದ್ದನ್ನು ಸುಪ್ರಿಯಾ ನೋಡಿದ್ದಳು. ಅವರು ಆಡಿದ್ದು ಊರ ಕಡೆ ಮಳೆ ಬಂತೇ, ಕುರಿಗೆ ಮೇವು ಹೇಗೆ ಎಂಬ ಮಾತು. ಆದರೆ ಗುಂಡಿಯ ಗುಟ್ಟು ಹೇಳಿಕೊಟ್ಟವನು ಅವನೇ ಎಂದಾಯಿತು.

ಹಿರೇಗುಂಟನೂರಿನ ಬೀರೇಶನ ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

"ಲಕ್ಕು ಕಣ್ಲಾ, ಪೂರಾ ಲಕ್ಕು" ಎಂದ ಟೀ ಸೋಸುತ್ತ ಬೀರೇಶ. "ಆ ಟೀಚರಮ್ಮ ಬೀಳದಿದ್ರೆ ಇವ್ಳೆಲ್ಲಿ ಗೆಲ್ತಿದ್ಲು?"

"ಲಕ್ಕೂ ಇಲ್ಲ ಪಕ್ಕೂ ಇಲ್ಲ. ಪ್ಲಾನು! ಇಲ್ನೋಡು, ಎಂಗೆ ತಿರುಗ್ತಾಳೆ" ಎಂದು ನಿಂಗಪ್ಪ ಫೋನ್ ಮುಂದೆ ಹಿಡಿದು ಅದನ್ನೇ ಮತ್ತೆ ಮತ್ತೆ ಓಡಿಸಿ ತೋರಿಸುತ್ತಿದ್ದ.

ನೇತ್ರಾವತಿಯ ಮಾವ ಜುಂಜಣ್ಣ ಬೆಂಚಿನ ತುದಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಕೊನೆಗೆ ಲೋಟ ಕೆಳಗಿಟ್ಟು, "ಲೇ ನಿಂಗ, ನಿಮ್ಮನ್ಯಾಗೆ ಕಂಬಳಿ ಐತೇನ್ಲಾ?" ಎಂದ.

"ಇಲ್ಲಪ್ಪ. ರಗ್ಗು ಐತೆ."

"ಅದ್ಕೇ ಮತ್ತೆ" ಎಂದು ಎದ್ದು ಬಂದನಂತೆ.

ಹಟ್ಟಿಯವರಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಟೀವಿಯಲ್ಲಿ ಅವಳು ತಿರುಗಿದ ಕೂಡಲೇ ಹುಚ್ಚಕ್ಕ "ಅಬ್ಬ, ಬೂಟಿತ್ತಲ್ಲ ಕಾಲಾಗೆ!" ಎಂದು ಎದೆ ಮುಟ್ಟಿಕೊಂಡಿದ್ದಳು. ಆದರೆ ಹೊರಗಿನವರಿಗೆ ಹೇಳಿದರೆ ನಂಬುವವರು ಯಾರು? ನೇತ್ರಾವತಿಗೆ ಊರಿನವರ ಮಾತು ಅಷ್ಟಾಗಿ ತಾಗಲಿಲ್ಲ. ಸುಪ್ರಿಯಾಳ ಮಾತು ಒಳಗೇ ಕೂತುಬಿಟ್ಟಿತು. ಒಂದೇ ಡಬ್ಬಿಯಿಂದ ತಿಂದವಳು, ನಾನು ಗೊತ್ತಿದ್ದೂ ಅವಳನ್ನು ಗುಂಡಿಗೆ ಬಿಟ್ಟೆ ಅಂದುಕೊಂಡಳಲ್ಲ ಎಂಬುದೇ ಅವಳ ಕೊರಗು. ಫೋನ್ ಮಾಡಿದರೆ ಆ ಕಡೆ ಎತ್ತುತ್ತಿರಲಿಲ್ಲ. ಬಹುಮಾನವಾಗಿ ಬಂದ ಸ್ಕೂಟರ್ ಬೇವಿನ ಮರದ ಕೆಳಗೆ ನಿಂತೇ ಇತ್ತು. ಗಂಡನ ಹಳೆಯ ಮೊಪೆಡ್ಡಿನಲ್ಲಿ ಮೇವು ಹೇರಿಕೊಂಡು ಬರುವವಳಿಗೆ ಅದನ್ನು ಓಡಿಸುವುದು ಕಷ್ಟವೇನಲ್ಲ. ಅವಳು ಮುಟ್ಟಲಿಲ್ಲ. ಅದರ ಸೀಟಿನ ಮೇಲೆ ಕೋಳಿ ಕೂರುತ್ತಿತ್ತು.

"ಗೆದ್ದದ್ದು ನಂದು ಹೌದೋ ಅಲ್ವೋ ನಂಗೇ ಗೊತ್ತಾಗಾಕಿಲ್ಲ" ಎಂದು ಒಂದು ದಿನ ನನಗೆ ಹೇಳಿದಳು. "ಬರಿಗಾಲಾಗೆ ಓಡಾಕೆ ಬಿಟ್ಟಿದ್ರೆ ನಾನೂ ಕಂಬಳಿ ಮ್ಯಾಲೇ ಓಡಿ ಗುಂಡೀಗೆ ಬೀಳ್ತಿದ್ನೇನೋ. ಹಂಗಾದ್ರೆ ನನ್ನ ಗೆಲ್ಲಿಸಿದ್ದು ಆ ಬೂಟಾ?"

ಅವತ್ತು ಮನೆಗೆ ಬಂದು ದೀಪ ಹಚ್ಚುವಾಗ ಅವಳ ಹೆಸರನ್ನೂ ನೆನೆದುಕೊಂಡೆ.

ಅದಾಗಿ ಕೆಲವು ವಾರಗಳ ಮೇಲೆ ಒಂದು ಶುಕ್ರವಾರ. ನಾನು ಹುಚ್ಚಕ್ಕನ ಜೊತೆ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಹಟ್ಟಿಯ ದಾರಿಯಲ್ಲಿ ಯಾರೋ ಒಬ್ಬಳು ಸ್ವಲ್ಪ ಕುಂಟುತ್ತ ಬಂದಳು. ಬಿಳಿ ಕ್ಯಾನ್ವಾಸ್ ಬೂಟು, ಕೈಯಲ್ಲಿ ಸ್ಟೀಲ್ ಡಬ್ಬಿ. ನೇತ್ರಾವತಿ ಒಳಗಿಂದ ಬಂದವಳು ಬಾಗಿಲಲ್ಲೇ ನಿಂತಳು.

"ಡಬ್ಬಿ ನನ್ನ ಚೀಲದಲ್ಲೇ ಉಳಿದಿತ್ತು. ಕೊಟ್ಟು ಹೋಗಾಣ ಅಂತ ಬಂದೆ" ಎಂದಳು ಸುಪ್ರಿಯಾ. ದನಿ ಬಿಗಿಯಾಗಿತ್ತು.

ಮನೆಗೆ ಬಂದವರು ಯಾರೇ ಆಗಲಿ, ನಿಲ್ಲಿಸಿ ಮಾತಾಡಿಸುವ ರೂಢಿ ಹುಚ್ಚಕ್ಕನಿಗಿಲ್ಲ. ಒಳಗೆ ಹೋಗಿ ಗಳುವಿನಿಂದ ಕಂಬಳಿ ತಂದು ಅಂಗಳದ ನೆರಳಲ್ಲಿ ಹಾಸಿದಳು. "ಬರ್ರಿ ತಾಯಿ, ಕುಂತ್ಕಳ್ರಿ. ಕಾಲು ನೋವ್ತೈತೇನೋ."

"ಕೂರಲ್ಲಮ್ಮ. ಒಂದು ಮಾತು ಕೇಳಿ ಹೊರಡ್ತೀನಿ" ಎಂದು ಸುಪ್ರಿಯಾ ನೇರವಾಗಿ ಬಾಗಿಲಿನ ಕಡೆ ಹೆಜ್ಜೆ ಹಾಕಿದಳು. ನಡುವೆ ಕಂಬಳಿ ಇತ್ತು.

"ಏ ಏ ಏ! ಬೂಟು, ಬೂಟು!"

ಹುಚ್ಚಕ್ಕ, ಬೇವಿನ ಮರದ ಕೆಳಗಿದ್ದ ಜುಂಜಣ್ಣ, ಪಕ್ಕದ ಮನೆಯ ಜಗುಲಿಯಿಂದ ಕಾಳಕ್ಕ, ಎಲ್ಲರೂ ಒಟ್ಟಿಗೆ ಕೂಗಿದರು. ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಸುಪ್ರಿಯಾ ಒಂಟಿಗಾಲಲ್ಲಿ ಓಲಾಡಿದಳು. ಜುಂಜಣ್ಣ ಓಡಿಬಂದು ರಟ್ಟೆ ಹಿಡಿದುಕೊಂಡ.

"ಇಲ್ಲೂ ಗುಂಡಿ ತೋಡಿದ್ದೀರಾ?" ಎಂದಳು ಅವಳು ಸಿಟ್ಟಿನಲ್ಲಿ.

"ಅಯ್ಯೋ, ಗುಂಡಿ ಎಲ್ಲಿಂದ ಬರ್ಬೇಕು ತಾಯಿ. ಅದು ಕಂಬಳಿ" ಎಂದಳು ಹುಚ್ಚಕ್ಕ, ಇನ್ನೇನೂ ಹೇಳುವುದು ಉಳಿದಿಲ್ಲವೆಂಬಂತೆ.

ಆಗಲೇ ನೇತ್ರಾವತಿಯ ಮೂರು ವರ್ಷದ ಹೆಣ್ಣುಮಗು ಮನೆಯ ಹಿಂದಿನಿಂದ ಓಡಿಬಂತು. ಕುರಿಮರಿಯೊಂದು ಹಗ್ಗ ಬಿಚ್ಚಿಕೊಂಡಿತ್ತು, ಅದರ ಬೆನ್ನ ಹಿಂದೆ ಇದು. ಕಾಲಿಗೆ ತಾತನ ದೊಡ್ಡ ಚಪ್ಪಲಿ. ಮರಿ ಕಂಬಳಿಯ ಮೇಲೇ ಹಾರಿ ಹೋಯಿತು. ಮಗುವಿನ ಕಣ್ಣು ಮರಿಯ ಮೇಲೆಯೇ ಇತ್ತು, ನೆಲದ ಕಡೆ ನೋಡಲಿಲ್ಲ. ಆದರೂ ಕಂಬಳಿಯ ಅಂಚಿಗೆ ಬಂದದ್ದೇ ಆ ಪುಟ್ಟ ಕಾಲು ಗಕ್ಕನೆ ತಿರುಗಿತು. ಇಡೀ ಕಂಬಳಿಯನ್ನು ಸುತ್ತಿ, ಚಪ್ಪಲಿ ಪಟಪಟ ಬಡಿಯುತ್ತ, ಮತ್ತೆ ಮರಿಯ ಹಿಂದೆ ಓಡಿತು.

ಸುಪ್ರಿಯಾ ಮಗು ಹೋದ ಕಡೆಯೇ ನೋಡಿದಳು. ಆಮೇಲೆ ಕಂಬಳಿ ನೋಡಿದಳು. ಆಮೇಲೆ ನೇತ್ರಾವತಿಯ ಮುಖ.

"ಥೇಟ್ ಹಾಗೇ ತಿರುಗಿದೆ ಅಲ್ವೇನೇ ನೀನೂ?"

ನೇತ್ರಾವತಿ ತಲೆಯಾಡಿಸಿದಳು.

"ಮತ್ತೆ ಬಾಯಿಬಿಟ್ಟು ಹೇಳ್ಬಾರ್ದಾ?"

"ಅವತ್ತೇ ಹೇಳ್ದೆ ಕಣಕ್ಕ. ಎಲ್ಲ ನಕ್ರು. ನೀನು ಅಷ್ಟ್ರಲ್ಲಿ ಡಾಕ್ಟ್ರ ತಾವ ಹೋಗಿದ್ದೆ. ಫೋನ್ ಮಾಡಿದ್ರೆ ನೀನು ಎತ್ತಲಿಲ್ಲ."

ಸುಪ್ರಿಯಾ ಅಲ್ಲೇ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದಳು. ಗಂಟು ಬಿಗಿದಿತ್ತು, ಕಣ್ಣಲ್ಲಿ ನೀರು ಬೇರೆ. ನೇತ್ರಾವತಿ ಬಂದು ಎದುರು ಕೂತು ಗಂಟು ಬಿಚ್ಚಿದಳು. ಬರಿಗಾಲಲ್ಲಿ ಕಂಬಳಿಯ ಮೇಲೆ ಕೂತ ಮೇಲೆ ಸುಪ್ರಿಯಾಗೆ ನಗು ಬಂತು. "ನಾನು ರಾತ್ರಿಯೆಲ್ಲ ಲೆಕ್ಕ ಹಾಕಿ ಆಡ್ದೆ ಕಣೇ. ಯಾವಾಗ ನಿನ್ನ ಹಿಂದೆ ಉಳೀಬೇಕು, ಯಾವಾಗ ದಾಟಬೇಕು, ಎಲ್ಲಾ. ಈ ಕಂಬಳಿ ಮಾತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ ನೋಡು."

"ಹಂಗಾದ್ರೆ ನನ್ನ ಗೆಲುವು ಅದೃಷ್ಟವೇ ಅನ್ನು" ಎಂದಳು ನೇತ್ರಾವತಿ.

"ಅದೃಷ್ಟ ಅಂದ್ರೆ ಚೀಟಿ ಎತ್ತಿದ್ದು. ಇದು ಬೇರೆ. ಗಂಟೆ ಎದುರಿಗಿದ್ದಾಗಲೂ ನೀನು ಸುತ್ತಿಕೊಂಡು ಹೋದೆ. ನಾನಾಗಿದ್ರೆ ಹೋಗ್ತಿದ್ನಾ?"

"ಅದಕ್ಕೆ ಹೆಸರು ನಮಗೂ ಗೊತ್ತಿಲ್ಲ ತಾಯಿ" ಎಂದ ಜುಂಜಣ್ಣ. "ಟೀ ಅಂಗಡಿ ನಿಂಗಂಗೆ ಮಾತ್ರ ಹೇಳ್ಬ್ಯಾಡ್ರಿ. ಅವ್ನು ಅದಕ್ಕೂ ಒಂದು ಪ್ಲಾನ್ ಅಂತಾನೆ."

ಅವತ್ತು ಆ ಅಂಗಳದಲ್ಲಿ ಎಷ್ಟು ದಿನಗಳ ಮೇಲೆ ನಗು ಕೇಳಿತೋ. ಅವರೆಕಾಳಿನ ಸಾರು, ಮುದ್ದೆ, ಮಜ್ಜಿಗೆ. ಸುಪ್ರಿಯಾ ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ಊಟ ಮುಗಿಯುವಷ್ಟರಲ್ಲಿ ಹುಚ್ಚಕ್ಕ ಡಬ್ಬಿಗೆ ಮತ್ತೆ ಚಟ್ನಿಪುಡಿ ತುಂಬಿ ಮುಚ್ಚಳ ಒತ್ತಿದ್ದಳು. ನಾನು ಸುಮ್ಮನೆ ಕೈ ಮುಗಿದೆ. ದಿನಾ ಯಾರ ಮುಂದೆ ದೀಪ ಹಚ್ಚುತ್ತೇನೋ ಆ ದೇವರ ಕಡೆಗೆ.

ಸಂಜೆ ಸುಪ್ರಿಯಾಳನ್ನು ದುರ್ಗದ ಬಸ್ಸಿಗೆ ಬಿಡಬೇಕು ಎಂದಾಗ ನೇತ್ರಾವತಿ ಬೇವಿನ ಮರದ ಕಡೆ ಹೋದಳು. ಕೋಳಿಯನ್ನು ಓಡಿಸಿ, ಸೆರಗಿನಿಂದ ಸೀಟು ಒರೆಸಿದಳು. ಸ್ಕೂಟರ್ ಒಂದೆರಡು ಸಲ ಕೆಮ್ಮಿ ಶುರುವಾಯಿತು. ಬೆಣ್ಣೆಯ ಪಾತ್ರೆ ಹಿಡಿದು ನಾನೂ ಅದೇ ಬಸ್ಸಿಗೆ ನಡೆದು ಹೊರಟಿದ್ದೆ. ನಾನು ಸ್ಟ್ಯಾಂಡ್ ಮುಟ್ಟುವಾಗ ಇಬ್ಬರೂ ಅರಳಿಮರದ ಕಟ್ಟೆಯ ಹತ್ತಿರ ನಿಂತಿದ್ದರು. ಎದುರಿಗೆ ಬೀರೇಶನ ಅಂಗಡಿ. ಅಲ್ಲಿದ್ದವರೆಲ್ಲ ಟೀ ಲೋಟ ಹಿಡಿದುಕೊಂಡೇ ಇವರ ಕಡೆ ನೋಡುತ್ತಿದ್ದರು.

ಸುಪ್ರಿಯಾ ಫೋನ್ ತೆಗೆದಳು. "ಬಾ ನೇತ್ರಾ, ಇಲ್ಲೇ ಒಂದು ವಿಡಿಯೋ ಮಾಡಾಣ. ಕಂಬಳಿ ವಿಷಯ ನಾನೇ ಹೇಳ್ತೀನಿ. ಬಿದ್ದೋಳೇ ಹೇಳಿದ್ರೆ ಯಾರೂ ಇಲ್ಲ ಅನ್ನೋ ಹಂಗಿಲ್ಲ. ನಿನ್ನ ಬಯ್ಯೋರ ಬಾಯಿ ಇವತ್ತೇ ಮುಚ್ಚುತ್ತೆ."

ನೇತ್ರಾವತಿ ಕೈ ಚಾಚಿ ಫೋನಿನ ಕಣ್ಣನ್ನು ಅಂಗೈಯಿಂದ ಮುಚ್ಚಿದಳು.

"ಬ್ಯಾಡಕ್ಕ."

"ಯಾಕೇ? ನಾನಾಡಿದ ಮಾತನ್ನ ನಾನೇ ತೆಗೀಬೇಕಲ್ವಾ?"

"ನಮ್ಮನೇಗೆ ಬಂದು ತೆಗ್ದಾಯ್ತಲ್ಲ. ಕಂಬಳಿ ಇಚಾರ ಟೀವೀಗೆ ಬ್ಯಾಡ. ಗೊತ್ತಾದ್ರೆ ಮುಂದ್ಲ ಸಲ ಬೇಕಂತ್ಲೇ ಹಾಸ್ತಾರೆ. ನಮ್ಮ ಹಟ್ಟಿ ಹುಡ್ಗಿ ಯಾವಳಾದ್ರೂ ಹೋದ್ರೆ, ತುಳೀತಾಳೋ ಇಲ್ವೋ ನೋಡಾಣ ಅಂತ ಅದ್ನೇ ಆಟ ಮಾಡ್ತಾರೆ."

ಸುಪ್ರಿಯಾ ಅಂಗಡಿಯ ಕಡೆ ಕಣ್ಣು ಹಾಯಿಸಿದಳು. "ಮತ್ತೆ ಇವರೆಲ್ಲ ಹಿಂಗೇ ಅಂತಾ ಇರ್ತಾರಲ್ಲೇ?"

"ಅನ್ಲಿ ಬಿಡಕ್ಕ. ಬೀರೇಶಣ್ಣನ ಟೀ ಖರ್ಚಾಗ್ತೈತೆ" ಎಂದಳು ನೇತ್ರಾವತಿ. ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳೇ ಆ ಫೋನನ್ನು ಇಸಿದುಕೊಂಡು ಸುಪ್ರಿಯಾಳ ಚೀಲಕ್ಕೆ ಹಾಕಿ, ಅದರ ಮೇಲೆ ಚಟ್ನಿಪುಡಿಯ ಡಬ್ಬಿ ಇಟ್ಟು, ಜಿಪ್ ಎಳೆದಳು.