ಗಂಟಿನ ಮೇಲಿನ ಮಣ್ಣು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕಸಿಯಕ್ಕ ಎಂದೇ ಕರೆಯುತ್ತಿದ್ದರು. ಕಾಡುದ್ರಾಕ್ಷಿಯ ಬೇರಿಗೆ ತೋಟದ ದ್ರಾಕ್ಷಿಯ ಕಡ್ಡಿ ಕೂಡಿಸಿ ಪಟ್ಟಿ ಸುತ್ತುವುದು ಅಪ್ಪನಿಂದ ಕಲಿತ ಕೆಲಸ. ಪ್ರತಿ ಗಂಟು ಕಟ್ಟುವಾಗಲೂ ಒಳಗೊಳಗೇ ದೇವರ ಹೆಸರು ಹೇಳುವಳು. ಕೂಡಿಸುವುದಷ್ಟೇ ತನ್ನ ಕೈಯಲ್ಲಿ, ಅಂಟಿಸುವುದು ಅವನ ಕೈಯಲ್ಲಿ ಎಂಬ ನಂಬಿಕೆ.

ಮದುವೆಯಾಗಿ ಬರುವಾಗ ತವರಿನಿಂದ ಕರಿದ್ರಾಕ್ಷಿಯ ಕಡ್ಡಿ ತಂದು, ಅತ್ತೆಮನೆಯ ಹಿತ್ತಲಲ್ಲಿ ಕಾಡು ಬೇರಿನ ಮೇಲೆ ಕಸಿ ಕಟ್ಟಿದ್ದಳು. ದಪ್ಪ ಸಿಪ್ಪೆ, ಒಳಗೆ ಬೀಜ, ಕೊನೆಗೊಂದು ಒಗರು. ಸುತ್ತಲಿನವರು ಬೀಜವಿಲ್ಲದ ಹಸಿರು ದ್ರಾಕ್ಷಿಗೆ ಮಾರುಹೋಗಿ ಆ ತಳಿಯನ್ನು ಕಿತ್ತೆಸೆದ ಮೇಲೆ ಉಳಿದದ್ದು ಇದೊಂದೇ ಬಳ್ಳಿ. ಬೀಜ ಬಿತ್ತಿದರೆ ಹುಟ್ಟುವುದು ಬೇರೆಯದೇ ದ್ರಾಕ್ಷಿ. ತಾಯಿಯ ರುಚಿ ಕಡ್ಡಿಯಲ್ಲಿ ಮಾತ್ರ ಬರುತ್ತದೆ. ಯಾವ ಕಾಲದಲ್ಲೋ ಯಾರೋ ಕಾಡಿನಲ್ಲಿ ಸಿಹಿಯಾದ ಬಳ್ಳಿ ಕಂಡು ಮುರಿದು ತಂದ ಕಡ್ಡಿಯೇ ಕೈಯಿಂದ ಕೈಗೆ ಬಂದಿದೆ ಎನ್ನುತ್ತಿದ್ದ ಅಪ್ಪ. ಇದು ಸತ್ತರೆ ಆ ತಳಿಯೇ ಸತ್ತಂತೆ.

ಆ ವರ್ಷ ಬೇರುಹೇನು ಬಂತು. ಮಣ್ಣೊಳಗೇ ಕೂತು ಬೇರಿನ ರಸ ಹೀರುವ ಸಣ್ಣ ಹುಳು. ಕೆಳಗಿನ ತೋಟದ ನಡುವೆ ಕಾಣಿಸಿದ ಹಳದಿ ಮಚ್ಚೆ, ನೀರಿಗೆ ಬಿದ್ದ ಎಣ್ಣೆಯಂತೆ ಹರಡುತ್ತ ಬೇಲಿಯವರೆಗೆ ಬಂದು ನಿಂತಿತು.

"ನಮ್ಮದಕ್ಕೇನೂ ಆಗಲ್ಲ ಅತ್ತೆ. ಕಾಡು ಬೇರು ಹೇನಿಗೆ ಜಗ್ಗಲ್ಲ," ಎಂದಳು ಕಸಿಯಕ್ಕ.

"ನಿನ್ನ ಬಾಯಿಗೆ ಸಕ್ಕರೆ ಹಾಕ. ಮತ್ತೆ ಈ ಎಲೆ ಯಾಕೆ ಕಾಮಾಲೆ ಕಣ್ಣಿನ ಹಾಗಿದೆ?"

ಕಸಿಯಕ್ಕ ಬುಡದಲ್ಲಿ ಕೂತು ಕೈಯಿಂದಲೇ ಅಗೆದಳು. ನೆಲದ ಮೇಲೆ ನಾಲ್ಕು ಬೆರಳೆತ್ತರದಲ್ಲಿರಬೇಕಾದ ಗಂಟು ಮೊಳದಾಳದಲ್ಲಿ ಸಿಕ್ಕಿತು. ಅದರ ಮೇಲೆ ಕರಿಬಳ್ಳಿ, ಮಣ್ಣು ತಾಗಿ, ಹೇನಿಗೆ ತುತ್ತಾಗುವ ತನ್ನದೇ ಬೇರು ಬಿಟ್ಟುಕೊಂಡಿತ್ತು. ಬೇರಿನ ತುಂಬ ಹೇನಿನ ಬಾವು. ಕೆಳಗಿನ ಕಾಡು ಬೇರು, ಬಳ್ಳಿಗೆ ಬೇಡವಾಗಿ, ಒಣಗಿ ಸೌದೆಯಾಗಿತ್ತು.

"ಇಲ್ಲಿ ಮಣ್ಣು ಹಾಕಿದ್ದು ಯಾರು ಅತ್ತೆ?"

"ನಾನೇ ಕಣೇ. ಆ ಗಂಟು ಮುರಿದ ಮೊಣಕಾಲಿನ ಹಾಗೆ ಕಾಣ್ತಿತ್ತು, ನೋಡಕ್ಕಾಗ್ತಿರಲಿಲ್ಲ. ವರ್ಷಾ ವರ್ಷಾ ಒಂದು ಬುಟ್ಟಿ ಮುಚ್ಚಿದೆ. ಆಮೇಲೆ ಎಷ್ಟು ಹುಲುಸಾಯ್ತು ನೋಡಿದ್ಯಲ್ಲ!"

ಊರವರ ಗಂಟುಗಳನ್ನೆಲ್ಲ ಮುಟ್ಟಿ ನೋಡಿದ ಕಸಿಯಕ್ಕ ತನ್ನ ಹಿತ್ತಲಲ್ಲಿ ಒಮ್ಮೆಯೂ ಬಗ್ಗಿರಲಿಲ್ಲ.

ತುದಿಯ ಕಡ್ಡಿಗಳನ್ನು ಕೊಯ್ದು, ತೊಳೆದು, ಹೊಸ ಕಾಡು ಬೇರುಗಳಿಗೆ ಕಟ್ಟಿದಳು. ಹಳೆಯ ಬಳ್ಳಿಯನ್ನು ಅತ್ತೆ ಸೊಸೆ ಸೇರಿ ಬುಡಸಮೇತ ಕಿತ್ತು ಸುಟ್ಟರು. ಕುಂಡಗಳಲ್ಲಿ ಕಡ್ಡಿಗಳು ಒಂದರ ಹಿಂದೊಂದು ಕಪ್ಪಾದವು. ಒಂದು ಮಾತ್ರ ಚಿಗುರಿತು. ಅದನ್ನು ಗಂಟು ಮೇಲಿರುವಂತೆ ಮುಂಬಾಗಿಲ ಬಳಿ ನೆಟ್ಟಳು.

ಅತ್ತೆ ದೂರ ನಿಂತು, ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಹೇಳಿದಳು: "ಈ ಕೈಗೆ ಬುದ್ಧಿಯಿಲ್ಲ ಕಣೇ. ನಾನು ಹತ್ತಿರ ಬರಲ್ಲ."

"ಬನ್ನಿ ಅತ್ತೆ, ಮಣ್ಣು ಬಿಟ್ಟು ಬನ್ನಿ."

ಹೇನು ಬೇಲಿ ದಾಟಿಯಾಗಿತ್ತು. ಕಸಿಯಕ್ಕ ದಿನಾ ಬೆಳಗ್ಗೆ ದೇವರಿಗೆ ಕೈಮುಗಿಯುವ ಮೊದಲು ಗಂಟನ್ನು ಮುಟ್ಟಿ ನೋಡುತ್ತಿದ್ದಳು. ಒಂದು ತೇವದ ಬೆಳಗ್ಗೆ, ಮಣ್ಣೇ ತಾಗದ ಆ ಗಂಟಿನ ಮೇಲ್ಗಡೆ, ಬಿಳಿ ನೂಲಿನಂಥ ಒಂದು ಬೇರು ಗಾಳಿಯಲ್ಲೇ ನೆಲದ ಕಡೆಗೆ ಇಳಿಬಿದ್ದಿತ್ತು. ಉಗುರಿನಿಂದ ಚಿವುಟಿದಳು.

ಮರುದಿನ ಅದೇ ಜಾಗದಲ್ಲಿ ಎರಡಿದ್ದವು.